ಚಿಕ್ಕಪ್ಪನ ಗಾಳಿ ಸ್ಕ್ರೂ

ನಮ್ಮ ಚಿಕ್ಕಪ್ಪನನ್ನು ನಂಬಿ ಮನೆ ಬಿಡಿ, ಗದ್ದೆ ಬಿಡಿ, ಬೇಕಾದರೆ ಮಕ್ಕಳನ್ನೂ ಬಿಡಿ. ಬೈಕು ಮಾತ್ರ ಬಿಡಬೇಡಿ! ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಅವರ ಅಂಗಿ ಜೇಬಿನಲ್ಲಿ ಸಣ್ಣದೊಂದು ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ಯಾರದೇ ಬೈಕು ಒಂದು ಸಲ ಕೆಮ್ಮಿದರೂ ಇವರ ಕೈ ಸೀದಾ ಕಾರ್ಬುರೇಟರಿಗೆ.

"ಪೆಟ್ರೋಲ್ಗೆ ಗಾಳಿ ಸೇರ್ಸಿ ಇಂಜಿನ್ಗೆ ಉಣ್ಸೋ ತಾಯಿ ಕಣವ್ವ ಅದು" ಎಂದು ನನಗೆ ಚಿಕ್ಕಂದಿನಲ್ಲೇ ಪಾಠ ಮಾಡಿದ್ದರು. "ಪೆಟ್ರೋಲ್ ಜಾಸ್ತಿ ಆದ್ರೆ ಕರೀ ಹೊಗೆ, ಗಾಳಿ ಜಾಸ್ತಿ ಆದ್ರೆ ಕೆಮ್ಮು." ಎರಡನ್ನೂ ಹದಕ್ಕೆ ತರುವುದು ಒಂದು ಪುಟ್ಟ ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿ ಇಂಜಿನ್ನಿನ ದನಿ ಕೇಳಬೇಕಂತೆ.

ಒಮ್ಮೆ ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಹೋಟೆಲಿನಿಂದ ಹೊರಗೆ ಬರುತ್ತೇನೆ, ಚಿಕ್ಕಪ್ಪ ಯಾರದೋ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ! ಇಂಜಿನ್ ಆಫ್ ಮಾಡದೆ ಬೀಡಾ ತರಲು ಹೋಗಿದ್ದ ಬೈಕಿನವನು ಓಡಿಬಂದ.

"ಯಾರಯ್ಯಾ ನೀನು? ಕಳ್ತನ ಮಾಡ್ತಿದ್ದೀಯಾ?"

"ಕಳ್ಳ ಆಗಿದ್ರೆ ಗಾಡಿನೇ ಓಡ್ಸ್ಕಂಡ್ ಓಯ್ತಿರ್ನಿಲ್ವಾ? ಗಾಳಿ ಜಾಸ್ತಿ ಕುಡೀತಿತ್ತು ಕಣ್ಲಾ, ಕಮ್ಮಿ ಮಾಡ್ದೆ. ಓಗು, ಇನ್ ಬೆಣ್ಣೆ ಅಂಗೆ ಓಯ್ತದೆ!"

ಎಲ್ಲಿಯ ಬೆಣ್ಣೆ! ಶಿಂಷಾ ಸೇತುವೆ ತಲುಪುವ ಮೊದಲೇ ಬೈಕು ನಿಂತಿತು. ಅವನು ಅದನ್ನು ತಳ್ಳಿಕೊಂಡು ವಾಪಸು ಬರುವುದು ಕಂಡದ್ದೇ ತಡ, ನಾವು ವಡೆ ಪೊಟ್ಟಣ ಅವಚಿಕೊಂಡು ಸಿಕ್ಕ ಬಸ್ಸು ಹತ್ತಿದೆವು.

ಮಳವಳ್ಳಿಯ ನಮ್ಮ ಅತ್ತೆಯ ಮಗ ಹೊಸ ಬೈಕು ತಂದಾಗಲೂ ಚಿಕ್ಕಪ್ಪ ಅದರ ಹೊಟ್ಟೆಯ ಕೆಳಗೆಲ್ಲ ತಡಕಾಡಿದರು.

"ಕಾರ್ಬುರೇಟರ್ ಎಲ್ಲಿ ಲಾ?"

"ಈಗಿನ್ ಗಾಡಿಗೆ ಅದು ಇರಲ್ಲ ಮಾವ. ಎಲ್ಲಾ ಕಂಪ್ಯೂಟರ್ರೇ ನೋಡ್ಕತದೆ."

"ಅಂಗಾದ್ರೆ ಇದ್ರ ಕಸ್ಟ ಸುಖ ಕೇಳೋರು ಯಾರ್ಲಾ?" ಎಂದವರು ಅವತ್ತು ಪಾಯಸವನ್ನೂ ಮುಟ್ಟಲಿಲ್ಲ.

ನಿಜ ಹೇಳಿಬಿಡಲೇ? ನಮ್ಮ ಚಿಕ್ಕಪ್ಪನಿಗೆ ಕಿವಿ ಮಂದ! ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಮೆಷಿನ್ ಪಕ್ಕ ದುಡಿದು ದುಡಿದು ಅರ್ಧ ಕಿವಿ ಅಲ್ಲೇ ಬಿಟ್ಟುಬಂದರು. ಇಂಜಿನ್ನಿನ ಸಣ್ಣ ದನಿ ಹಿಡಿಯುತ್ತಿದ್ದವರು ಚಿಕ್ಕಮ್ಮ. ಇವರು ಅಂಗಳದಲ್ಲಿ ತಮ್ಮ ಹಳೇ ಬೈಕಿನ ಸ್ಕ್ರೂ ತಿರುಗಿಸುವುದು, ಅವರು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ ಕೂಗುವುದು: "ಇನ್ನೊಂಚೂರು... ಇನ್ನೊಂಚೂರು... ಆಂ, ಸಾಕು ಬುಡಿ!" ಆ ಗಂಟಲು ಪಕ್ಕದೂರು ವೈದ್ಯನಾಥಪುರಕ್ಕೂ ಕೇಳಿಸುತ್ತಿತ್ತು! ಊರೆಲ್ಲ ಹೊಗಳುತ್ತಿದ್ದದ್ದು ಮಾತ್ರ ಚಿಕ್ಕಪ್ಪನ ಕೈಗುಣವನ್ನು.

ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪನ ಪಾಲಿಗೆ ಆ ಬೈಕು ಸರಿಹೋಗಿಯೇ ಇಲ್ಲ. ಮಂಡ್ಯದ ಮೆಕ್ಯಾನಿಕ್ ಸಾಬರು ಎಷ್ಟು ಚೆನ್ನಾಗಿ ಮಾಡಿಕೊಟ್ಟರೂ ಇವರು ಮನೆಗೆ ಬಂದವರೇ ಮತ್ತೆ ಶುರು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ, ಅಡುಗೆಮನೆಯ ಕಡೆ ನೋಡುತ್ತಾರೆ. ಬೈಕು ಹೇಗಾದರೂ ಹಾಳಾಗಲಿ, ಇವರಿಗೊಂದು ಸಮಾಧಾನ ಸಿಗಬಾರದೇ?

ಮೊನ್ನೆ ಅವರ ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದೆ. ಹೊರಗೆ ಇಂಜಿನ್ನಿನ ದನಿ ಏರಿತು, ಇಳಿಯಿತು, ಮತ್ತೆ ಏರಿತು. ತಡೆಯಲಾರದೆ ಗಂಟಲು ಹರಿಯುವಂತೆ ಕೂಗಿಬಿಟ್ಟೆ: "ಸಾಕು ಬುಡು ಚಿಕ್ಕಪ್ಪಾ!"

ಇಂಜಿನ್ ನಿಂತಿತು. ಯಾಕಾದರೂ ಕೂಗಿದೆನೋ ಅನ್ನಿಸಿತು. ಚಿಕ್ಕಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದರು.

"ಅವ್ಳು ಯಾವತ್ತೂ ಒಂದೇ ಸಲಕ್ಕೆ ಸಾಕು ಅಂದೋಳಲ್ಲ ಕಣವ್ವಾ. ವಸಿ ಸತಾಯ್ಸೋಳು" ಅಂದರು. ಆಮೇಲೆ ಮುಖ ಒರೆಸಿಕೊಂಡು ಅಂಗಳದ ಕಡೆ ತಿರುಗಿದರು.

"ತಡಿ, ಇನ್ನೊಂದ್ಸಲ ಸ್ಟಾರ್ಟ್ ಮಾಡ್ತೀನಿ. ಮೊದ್ಲಿಂದ ಕೂಗು."