ಎರಡು ಎಂಜಿನ್, ಒಂದು ಪಂಪು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ, ಕ್ಯಾಪ್ಟನ್ ಬೆಳಗ್ಗೆ ಸ್ಪೀಕರಿನ ಗುಂಡಿಯನ್ನು ಒಂದಿಷ್ಟು ಹೆಚ್ಚಾಗಿ ತಿರುಗಿಸಿದ್ದು. ಕ್ಯಾಪ್ಟನ್ ಅನ್ನುವುದು ಕಟ್ಟಡದವರು ತಮಾಷೆಗೆ ಇಟ್ಟ ಹೆಸರು. ಹೊಟ್ಟೆಪಾಡಿಗೆ ಆತ ವಿಮಾ ಕಚೇರಿಯ ಗುಮಾಸ್ತ. ನಿಜವಾದ ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೆ ಮನೆಯ ಕಂಪ್ಯೂಟರಿನ ಸಿಮ್ಯುಲೇಟರ್ ಎಂಬ ಹಾರಾಟದ ಆಟದಲ್ಲಿ, ಅಜ್ಜನ ಕಾಲದ ಎರಡು ಎಂಜಿನ್ನಿನ ವಿಮಾನವೊಂದನ್ನು ಕೈಯಾರೆ ಹಾರಿಸುವುದೆಂದರೆ ಊಟ ನಿದ್ದೆ ಮರೆಯುತ್ತಿದ್ದ.

ಹೊಸ ವಿಮಾನಗಳನ್ನು ಕಂಡರೆ ಅವನಿಗೆ ತಾತ್ಸಾರ. ಗುಂಡಿ ಒತ್ತಿದರೆ ಅದರ ಪಾಡಿಗೆ ಅದು ಹೋಗುತ್ತದೆ, ಅದರಲ್ಲಿ ಪೈಲಟ್ಟೂ ಒಬ್ಬ ಪ್ರಯಾಣಿಕನೇ ಎನ್ನುತ್ತಿದ್ದ. ಹಳೆಯದು ಹಾಗಲ್ಲ. ಎಡಗಡೆಯ ಎಂಜಿನ್ನಿಗೆ ಒಂದು ಹಟ, ಬಲಗಡೆಯದಕ್ಕೆ ಇನ್ನೊಂದು. ಚುಕ್ಕಾಣಿಯಿಂದ ಕೈ ತೆಗೆದರೆ ಸಾಕು, ಮಗ್ಗುಲಿಗೆ ವಾಲುತ್ತದೆ. ಮೋಡದ ಮೇಲೆ ಅದನ್ನು ನೆಟ್ಟಗೆ ಹಿಡಿದು ಕೂತಾಗ, ಕಚೇರಿಯಲ್ಲಿ ಯಾರೂ ಲೆಕ್ಕಕ್ಕಿಡದ ತಾನೂ ಒಂದು ಕೆಲಸಕ್ಕೆ ಬೇಕಾದವನು ಅನ್ನಿಸುತ್ತಿತ್ತು.

ಇದ್ದದ್ದು ಒಂದೇ ಕೊರತೆ. ಹಾರಿಸಲು ಬರುತ್ತಿತ್ತು, ಇಳಿಸಲು ಬರುತ್ತಿರಲಿಲ್ಲ. ಪ್ರತಿ ಸಲವೂ ವಿಮಾನ ನೆಲಕ್ಕೆ ಕುಕ್ಕಿ, ಪುಟಿದು, ಪಕ್ಕದ ಹೊಲಕ್ಕೆ ನುಗ್ಗುತ್ತಿತ್ತು. ಅವನು ಸೇರಿಕೊಂಡಿದ್ದ ಹಳೇ ವಿಮಾನಗಳ ಬಳಗದ ಹಿರಿಯರು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಬೇಸತ್ತು ಕಡೆಯ ಮಾತು ಹೇಳಿಬಿಟ್ಟಿದ್ದರು. ಈ ಭಾನುವಾರ ತಾವು ತಮ್ಮ ಪರದೆಯಲ್ಲಿ ನೋಡುತ್ತಿರುವಾಗ, ನಡುವೆ ಎಲ್ಲೂ ನಿಲ್ಲಿಸದೆ ಹಾರಿಸಿ, ಸರಿಯಾಗಿ ಇಳಿಸಬೇಕು. ಇಲ್ಲವಾದರೆ ಬಳಗ ಬಿಟ್ಟು ಗುಂಡಿ ಒತ್ತುವ ಎಳೆಯರ ಗುಂಪಿಗೆ ಹೋಗಬೇಕು.

ವಿಮಾನವೇನೋ ಚೆನ್ನಾಗಿಯೇ ಏರಿತು. ಅದರ ಗುಂಯ್‌ಗುಡುವ ಸದ್ದು ಗೋಡೆ ಹಿಡಿದು ಕೆಳಗಿಳಿಯಿತು. ಕೆಳಮನೆಯ ಟೈಲರಮ್ಮ ಅದನ್ನು ಕೇಳಿ, ನೀರಿನ ಪಂಪು ಕೆಟ್ಟು ಓಡುತ್ತಿದೆ ಎಂದು ತೀರ್ಮಾನಿಸಿದರು. ಕಟ್ಟಡದ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಓಡಿಬಂದು ಪಂಪಿನ ಸ್ವಿಚ್ಚು ಆರಿಸಿದರು. ಸದ್ದು ನಿಲ್ಲಲಿಲ್ಲ. ಆರಿಸಿದ ಮೇಲೂ ಓಡುವ ಪಂಪೆಂದರೆ ಸಾಮಾನ್ಯವೇ? ಎಲೆಕ್ಟ್ರೀಷಿಯನ್ನನ್ನು ಕರೆಸಿದರು. ನಲ್ಲಿಗಳಲ್ಲಿ ನೀರು ನಿಂತು, ಜನ ಬಕೆಟ್ಟು ಹಿಡಿದು ಮೆಟ್ಟಿಲ ತುಂಬ ನಿಂತರು.

ಸಂಘದ ಕಾರ್ಯದರ್ಶಿ ಕ್ಯಾಪ್ಟನ್ನೇ ಆದ್ದರಿಂದ ಅವನಿಗೆ ಕರೆಯ ಮೇಲೆ ಕರೆ ಬಂತು. ಹೆಂಡತಿ ಒಮ್ಮೆ ಸ್ನಾನಕ್ಕೆ ಹೋಗಿದ್ದಾರೆ ಎಂದಳು, ಇನ್ನೊಮ್ಮೆ ಜ್ವರ ಎಂದಳು. ಮೂರನೆಯ ಸಲ ಮೇಷ್ಟ್ರು ಒಳಗೇ ಬಂದುಬಿಟ್ಟರು.

"ನೋಡಪ್ಪಾ ಕ್ಯಾಪ್ಟನ್, ಪಂಪಿನ ಸದ್ದು ನಿಮ್ಮನೆಗೂ ಹತ್ತಿದೆ. ಪೈಪು ಕತ್ತರಿಸ್ಬೇಕಂತೆ. ನೀನು ಬಂದು ಒಪ್ಪಿಗೆ ಕೊಡ್ತೀಯೋ, ನಾವೇ ಕತ್ತರಿಸೋದೋ?"

ಬೇರೆ ದಾರಿಯಿರಲಿಲ್ಲ. ಕ್ಯಾಪ್ಟನ್ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದ. "ಈ ಗೆರೆ ಮಟ್ಟವಾಗಿರೋ ಹಾಗೆ ಹಿಡ್ಕೋ, ಅಷ್ಟೆ. ಬೇರೇನೂ ಮುಟ್ಬೇಡ, ನಿನಗೆ ಅರ್ಥ ಆಗಲ್ಲ." ಅವಳು ಒದ್ದೆ ಕೈ ಒರೆಸಿಕೊಂಡು ತಲೆಯಾಡಿಸಿದಳು.

ಮೆಟ್ಟಿಲಿಳಿಯುವಾಗಲೇ ಅವನಿಗೆ ಗೊತ್ತಾಗಿಹೋಯಿತು. ಗೋಡೆಯೊಳಗಿಂದ ಬರುತ್ತಿದ್ದುದು ತನ್ನ ಎಡಗಡೆಯ ಎಂಜಿನ್ನಿನ ಕೆಮ್ಮು. ಆದರೆ ಅಷ್ಟು ಬಕೆಟ್ಟುಗಳ ಮುಂದೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ಯಾರಿಗಿದೆ? ಬಿಚ್ಚಿ ಹರಡಿದ ಪಂಪಿನ ಪಕ್ಕ ಬಾಯಿ ಮುಚ್ಚಿಕೊಂಡು ನಿಂತ. ಎಲೆಕ್ಟ್ರೀಷಿಯನ್ ಪೈಪಿಗೆ ಕೈ ಹಾಕುವ ಮುಂಚೆ ಕಡೆಯದಾಗಿ ಒಂದು ನಟ್ಟು ಬಿಗಿದು ನೋಡಿದ. ಸದ್ದು ತಗ್ಗಿತು, ಇನ್ನೂ ತಗ್ಗಿತು, ಪೂರ್ತಿ ನಿಂತಿತು.

ಜನ ಎಲೆಕ್ಟ್ರೀಷಿಯನ್ನನ್ನು ಕೊಂಡಾಡಿದರು. ವಿಮಾನ ಬಿದ್ದುಹೋಯಿತೆಂದು ಕ್ಯಾಪ್ಟನ್ನಿಗೆ ಖಾತ್ರಿಯಾಯಿತು. ಸಾವಿನ ಮನೆಗೆ ಹೋಗುವವನಂತೆ ಮೆಟ್ಟಿಲೇರಿದ.

ಹೆಂಡತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಪರದೆಯ ಮೇಲೆ ವಿಮಾನ ರನ್‌ವೇಯ ನಟ್ಟನಡುವೆ, ಎರಡೂ ಎಂಜಿನ್ ಆರಿಸಿಕೊಂಡು ಜಾಣನಂತೆ ನಿಂತಿತ್ತು. ಅವನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಡಾಕ್ಟರ ಫೋನು ಬಂತು.

"ಇಳಿದದ್ದೇ ಗೊತ್ತಾಗ್ಲಿಲ್ಲ ಕಣ್ರೀ. ನಾನು ಒಂದು ಹಲ್ಲನ್ನೂ ಇಷ್ಟು ನಾಜೂಕಾಗಿ ಕಿತ್ತಿಲ್ಲ. ನೀವು ಗೆದ್ರಿ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಅನ್ನಲು ಬಾಯಿಯನ್ನೂ ತೆರೆದ. ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತ್ತು.

"ಇಳಿಸಿದ್ದು ನಾನಲ್ಲ ಡಾಕ್ಟ್ರೇ," ಅಂದ. "ನನ್ನ ಹೆಂಡ್ತಿ."

ಡಾಕ್ಟರು ಮುಂದಿನ ವಾರದಿಂದ ಬಳಗಕ್ಕೆ ಅವರನ್ನೇ ಕಳಿಸಿಕೊಡಿ ಎಂದರು. ಎಳೆಯರ ಗುಂಪಿನವರೂ ಒಳ್ಳೆಯವರೇ, ನಿಮಗೆ ಬೇಜಾರಾಗದು ಎಂದೂ ಸಮಾಧಾನ ಹೇಳಿದರು.

ಕ್ಯಾಪ್ಟನ್ ಅಡುಗೆಮನೆಯ ಬಾಗಿಲಿಗೆ ಬಂದು, ಇದೆಲ್ಲ ಯಾವಾಗ ಕಲಿತೆ ಎಂದು ಕೇಳಿದ.

"ನೀವು ಕಚೇರಿಗೆ ಹೋದ್ಮೇಲೆ ಅದು ಸುಮ್ನೆ ಕೂತಿರುತ್ತಲ್ಲ," ಎಂದಳು. "ನೀವು ಕೆಡವೋದು ನೋಡಿ ನೋಡಿ, ಎಲ್ಲಿ ತಪ್ಪುತ್ತೆ ಅಂತ ತಿಳೀತು."

ಅವನು ತಿರುಗಿ ಪರದೆಯನ್ನು ನೋಡಿದ. ಹಳೇ ವಿಮಾನದಲ್ಲಿ ಇಬ್ಬರಿಗೆ ಸೀಟು, ಇಬ್ಬರಿಗೂ ಚುಕ್ಕಾಣಿ. ಇಷ್ಟು ವರ್ಷ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಮೋಡದ ಮೇಲೆಲ್ಲ ಒಬ್ಬನೇ ಸುತ್ತಿದ್ದ, ಅವಳು ಗೋಡೆಯಾಚೆಗೇ ಇದ್ದಳು. ಬಳಗ ಹೋದದ್ದಕ್ಕಿಂತ ಹೆಚ್ಚಾಗಿ ಅದೇ ದೊಡ್ಡ ನಷ್ಟವೆನ್ನಿಸಿತು.

"ಒಂದು ಮಾತು ಹೇಳಬಾರದಿತ್ತಾ? ಇಬ್ಬರೂ ಜೊತೇಲೇ ಹಾರಿಸಬಹುದಿತ್ತು."

ಅವಳು ಇನ್ನೊಂದು ಹುರುಳಿಕಾಯಿಯ ನಾರು ಬಿಡಿಸಿದಳು.

"ಹೇಳೋಣ ಅಂತಲೇ ಇದ್ದೆ ರೀ. ಆದ್ರೆ ಹೇಳಿದ್ರೆ, ನೀವು ನನಗೆ ಕಲಿಸೋಕೆ ಕೂತ್ಬಿಡ್ತಿದ್ರಿ."