ಹಳ್ಳದ ನೀರು ಮತ್ತು ಹೆಡ್‌ಮಾಸ್ತರರ ಕುಂಡ

ಸಕ್ಕರೆ ಕಾಯಿಲೆಯವನಾದ ನನಗೆ ಒಂದು ಅಭ್ಯಾಸವಿದೆ. ರಕ್ತ ಪರೀಕ್ಷೆಯ ದಿನ ಹತ್ತಿರ ಬಂತೆಂದರೆ ಋಷಿಯಾಗಿಬಿಡುತ್ತೇನೆ. ಸಿಹಿ ಮುಟ್ಟುವುದಿಲ್ಲ, ಅನ್ನ ಅರ್ಧ ಮಾಡುತ್ತೇನೆ, ಹೊಸಪೇಟೆಯ ನಮ್ಮ ಬಡಾವಣೆಯನ್ನು ಬೆಳಿಗ್ಗೆ ಸಂಜೆ ಪ್ರದಕ್ಷಿಣೆ ಹಾಕುತ್ತೇನೆ. ರಿಪೋರ್ಟು ಚೆನ್ನಾಗಿ ಬರುತ್ತದೆ, ಡಾಕ್ಟರು ಭೇಷ್ ಎನ್ನುತ್ತಾರೆ, ಆ ಖುಷಿಗೆ ನಾನು ಅಲ್ಲಿಂದ ಸೀದಾ ಹೋಗಿ ಜಿಲೇಬಿ ತಿನ್ನುತ್ತೇನೆ. "ಆ ರಿಪೋರ್ಟ್ ನಿಮ್ದಲ್ಲ ಬಿಡ್ರಿ, ಬ್ಯಾರೆ ಯಾರದೋ" ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಇದೇನು ನನ್ನೊಬ್ಬನ ಚಾಳಿಯೇ? ಗೇಟಿನ ಮುಂದೆ ನೆಂಟರ ಸ್ಕೂಟರು ನಿಂತರೆ ಸಾಕು, ಕುರ್ಚಿಯ ಮೇಲಿನ ಬಟ್ಟೆಯ ಗುಡ್ಡೆ ಮಂಚದಡಿ ಸೇರದ ಮನೆ ಯಾವುದಿದೆ ಹೇಳಿ. ಯಾರಾದರೂ ನೋಡಲು ಬರುತ್ತಾರೆಂದರೆ ಮುಚ್ಚಿಡುವುದು ನಮಗೆ ಹುಟ್ಟಿನಿಂದ ಬಂದ ಶಿಸ್ತು.

ನಾನು ಸಂಡೂರಿನ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ತರ. ಸಮಾಜ ಹೇಳಿಕೊಡುತ್ತ ತಲೆ ನರೆಸಿಕೊಂಡವನು. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಸಂಜೆ ಮನೆ ಸೇರುವಾಗ ನನ್ನ ಬಿಳಿ ಅಂಗಿ ಅದಿರಿನ ಧೂಳಿಗೆ ಇಟ್ಟಿಗೆ ಬಣ್ಣ ತಿರುಗಿರುತ್ತದೆ. ಶಾಲೆಯಲ್ಲಿ ನನಗಿರುವ ಒಂದೇ ವಿಲಾಸವೆಂದರೆ ಚಹಾ. ಕುಡಿದು ಉಳಿದ ಚಹಾಪುಡಿಯ ಗಷ್ಟನ್ನು ಆಫೀಸಿನ ಮುಂದಿನ ಕ್ರೋಟನ್ ಕುಂಡಕ್ಕೆ ಸುರಿಯುತ್ತೇನೆ. ಗಿಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದರು. ತೊಟ್ಟಿಯವರೆಗೆ ನಡೆಯುವ ಶ್ರಮವೂ ತಪ್ಪುತ್ತದೆ.

ನಮ್ಮ ವಿಜ್ಞಾನದ ಟೀಚರು ವಿಜಯಲಕ್ಷ್ಮಿ ಮೇಡಂ. ಅವರು ಬರುವ ಮೊದಲು ನಮ್ಮಲ್ಲಿ ವಿಜ್ಞಾನವೆಂದರೆ ಬೀಗ ಹಾಕಿದ ಒಂದು ಬೀರು. ಅದರೊಳಗೆ ಏನಿದೆಯೆಂದು ಬೀರುವಿಗೇ ಗೊತ್ತಿರಲಿಲ್ಲ. ಮೇಡಂ ಬಂದವರೇ ಕಿಟಕಿಯಾಚೆ ಬೆರಳು ತೋರಿಸಿ, "ಇಷ್ಟು ದೊಡ್ಡ ಲ್ಯಾಬು ಹಿಂದ ಹರಿಯಾಕತ್ತೈತಲ್ರಿ ಸರ್" ಎಂದರು. ಅಲ್ಲಿದ್ದದ್ದು ನಮ್ಮೂರ ಹಳ್ಳ. "ಹುಡುಗ್ರು ಜಾರಿ ಬಿದ್ರ ಯಾರ್ರಿ ಜವಾಬ್ದಾರಿ?" ಎಂದೆ. "ಮೊಣಕಾಲ ಮಟನೂ ನೀರಿಲ್ರಿ ಸರ್. ಬಿದ್ರ ಅಂಗಿ ತೊಯ್ತಾವು, ಅಷ್ಟ" ಎಂದು ನಕ್ಕರು.

ಆ ಹೆಣ್ಣುಮಗಳು ಕಲಿಸುವುದನ್ನು ನೋಡಬೇಕು! ಆಮ್ಲ, ಪ್ರತ್ಯಾಮ್ಲ ಎಂದು ನಾವು ಬಾಯಿಪಾಠ ಹೊಡೆದದ್ದನ್ನು ಈ ಮಕ್ಕಳು ಬಣ್ಣ ಬದಲಿಸುವ ಕಾಗದದ ಪಟ್ಟಿ ಅದ್ದಿ ಕಣ್ಣಾರೆ ಕಂಡರು. ಮಳೆ ಬಂದ ಮರುದಿನ ಗುಡ್ಡದ ಕೆಂಪೆಲ್ಲ ಹಳ್ಳಕ್ಕಿಳಿದಾಗ, "ಕೆಂಪಗದ, ಕೆಟ್ಟ ನೀರು" ಎಂದು ಕ್ಲಾಸಿಗೆ ಕ್ಲಾಸೇ ತೀರ್ಪು ಕೊಟ್ಟಿತು. ಮೇಡಂ ಏನೂ ಹೇಳದೆ ಒಂದು ಗ್ಲಾಸು ಆ ನೀರನ್ನು ಕಿಟಕಿಯಲ್ಲಿಟ್ಟರು. ಮಾರನೆಯ ದಿನ ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾಗಿತ್ತು. ಆಮೇಲೆ ಕಲ್ಲು ಎತ್ತಿಸಿ, ಅದರಡಿಗೆ ಅಂಟಿಕೊಂಡಿದ್ದ ಬಾಲದ ಪುಟ್ಟ ಹುಳ ತೋರಿಸಿದರು. "ನೀರು ಸುಳ್ಳು ಬಣ್ಣ ತೋರಿಸ್ಬೋದು. ಈ ಹುಳ ಸುಳ್ಳು ಹೇಳಲ್ಲ. ನೀರು ಕೆಟ್ರ ಮೊದ್ಲು ಇವು ಹೋಗ್ತಾವು." ಹುಡುಗರ ಜೊತೆ ನಾನೂ ಬಾಯಿ ತೆರೆದು ನಿಂತಿದ್ದೆ. ನನಗೆ ಇಂಥ ಟೀಚರು ಸಿಕ್ಕಿದ್ದರೆ ನಾನೇಕೆ ಸಮಾಜದ ಮೇಷ್ಟ್ರಾಗುತ್ತಿದ್ದೆ!

ಒಂದು ಶನಿವಾರ, ನಿಮ್ಮ ನಿಮ್ಮ ಓಣಿಯ ಹಿಂದಿನ ಹಳ್ಳದ ನೀರನ್ನು ಬಾಟಲಿಯಲ್ಲಿ ತನ್ನಿ ಎಂದು ಮೇಡಂ ಮಕ್ಕಳಿಗೆ ಹೇಳಿದರು. ಸೋಮವಾರ ಬಂದ ಬಾಟಲಿಗಳು ಫಳಫಳ ಹೊಳೆಯುತ್ತಿದ್ದವು. ಒಂದರಲ್ಲಿ ತುಳಸಿ ಎಲೆ ಬೇರೆ. ನೀರಿನಲ್ಲಿ ಕರಗಿದ ಉಪ್ಪಿನಂಶವನ್ನು ಅಂಕಿಯಲ್ಲಿ ತೋರಿಸುವ ಪೆನ್ನಿನಂಥ ಮೀಟರೊಂದು ಮೇಡಂ ಬಳಿ ಇತ್ತು. ಅದನ್ನು ಅದ್ದಿದರೆ ಎಲ್ಲದರಲ್ಲೂ ಒಂದೇ ಸಣ್ಣ ಅಂಕಿ! ಊರಿನ ಶುದ್ಧ ನೀರಿನ ಘಟಕದ ನೀರಿಗೂ ಅದೇ ಅಂಕಿ. ತಾಯಂದಿರನ್ನು ಕರೆಸಿ ಕೇಳಿದರೆ, ಎಂಟನೇ ಕ್ಲಾಸಿನ ಹುಲಿಗೆಮ್ಮನ ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಅಲ್ರಿ ಮೇಡಂ, ಸಾಲಿಗೆ ಹೊಲಸು ನೀರು ಕಳಸ್ತಾರೇನ್ರಿ? ನಮ್ಮ ಓಣಿ ಮರ್ಯಾದಿ ಏನಾಗಬೇಕು?" ಮೇಡಂ ಬೈಯಲಿಲ್ಲ. "ಯಕ್ಕಾ, ಜ್ವರ ಮುಚ್ಚಿಟ್ಕೊಂಡು ಡಾಕ್ಟರ್ ಹತ್ರ ಹೋದ್ರ ಔಷಧ ಯಾವುದಕ್ಕ ಕೊಡ್ಬೇಕು ಹೇಳು?" ಎಂದರು. ಮುಂದಿನ ವಾರ ಆ ತಾಯಂದಿರೇ ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದು ಬಾಟಲಿ ತುಂಬಿಕೊಟ್ಟರು. ತುಳಸಿಯ ಕಥೆಯನ್ನು ನಾನು ಹೊಸಪೇಟೆ ಬಸ್ಸಿನ ತುಂಬ ಹೇಳಿ ನಗಿಸಿದೆ.

ಮಕ್ಕಳ ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ, ಅದನ್ನು ನೋಡಲು ಇಲಾಖೆಯ ಸಾಹೇಬರೇ ಹೊರಟರು. ಅವರು ಒಪ್ಪಿದರೆ ನಮ್ಮ ಮಕ್ಕಳು ಜಿಲ್ಲಾ ವಿಜ್ಞಾನ ಮೇಳಕ್ಕೆ. ಮೇಡಂ ಬಿಸಿಲಲ್ಲಿ ತಿಂಗಳುಗಟ್ಟಲೆ ಪಟ್ಟ ಪಾಡು, ಮಕ್ಕಳ ಆಸೆ, ಎಲ್ಲ ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು. ಮೇಜಿನ ಮೇಲೆ ಹಳ್ಳದ ಮೇಲ್ಗಡೆಯಿಂದ ಕೆಳಗಡೆಯವರೆಗೆ ಸಾಲಾಗಿ ಬಾಟಲಿಗಳು. ಕೊನೆಯದರ ಚೀಟಿಯನ್ನು ಎರಡೆರಡು ಸಲ ಓದಿದೆ: 'ನಮ್ಮ ಶಾಲೆಯ ಕೆಳಗೆ'. ನೀರು ಬೂದಿ ಬಣ್ಣ, ಮೇಲೆ ಸೋಪಿನ ನೊರೆ, ನಡುವೆ ನುಗ್ಗೆಕಾಯಿಯ ಸಿಪ್ಪೆ ತೇಲುತ್ತಿದೆ. ಬಿಸಿಯೂಟದ ತಟ್ಟೆ ತೊಳೆದ ನೀರು ನಮ್ಮ ಹಿತ್ತಲ ಕಾಲುವೆಯಿಂದ ನೇರ ಹಳ್ಳಕ್ಕೇ ಹೋಗುತ್ತಿತ್ತು. ಊರಿನ ಎಲ್ಲ ಓಣಿಗಿಂತ ಹೊಲಸು ನಮ್ಮದೇ ಎಂದು ಸಾಹೇಬರ ಮುಂದೆ ಸಾರಬೇಕೇ? ಮಕ್ಕಳು ಊಟಕ್ಕೆ ಕೂತಾಗ ಆ ಬಾಟಲಿ ಚೆಲ್ಲಿ, ಶುದ್ಧ ನೀರಿನ ಘಟಕದಿಂದ ನನ್ನ ಆಫೀಸಿಗೆ ಬರುವ ಕ್ಯಾನಿನ ನೀರು ತುಂಬಿದೆ. ತೀರ ಶುಭ್ರವಾದರೆ ಅನುಮಾನ ಬಂದೀತೆಂದು ಒಂದು ಚಿಟಿಕೆ ಕುಂಡದ ಮಣ್ಣು ಹಾಕಿ ಕುಲುಕಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಸಾಹೇಬರು ಬಂದರು. ಹುಲಿಗೆಮ್ಮ ಒಂದೊಂದಕ್ಕೇ ಮೀಟರು ಅದ್ದುತ್ತ ಅರಳು ಹುರಿದಂತೆ ವಿವರಿಸಿದಳು. ಕೊನೆಯ ಬಾಟಲಿಗೆ ಬಂದು ನಿಂತುಬಿಟ್ಟಳು. ಮೀಟರು ಒರೆಸಿ ಮತ್ತೆ ಅದ್ದಿದಳು. "ಮೇಡಂ, ಇದು ನಮ್ಮ ಬಾಟ್ಲಿ ನೀರಲ್ರಿ."

"ಯಾಕಮ್ಮ, ನೀರು ಚೆನ್ನಾಗೇ ಇದೆಯಲ್ಲ?" ಎಂದರು ಸಾಹೇಬರು.

"ಅದಕ್ಕ ಅಲ್ರಿ ಸರ್. ಇದು ಮಷೀನ್ ನೀರು. ಯಾರೋ ನಮ್ಮವ್ವ ಮಾಡ್ದಂಗ ಮಾಡ್ಯಾರ."

ಸಾಹೇಬರ ಹುಬ್ಬು ಮೇಲೇರಿತು. "ಒಂದು ಸುಳ್ಳಾದರೆ ಉಳಿದದ್ದನ್ನು ನಾನು ಹೇಗೆ ನಂಬಲಿ?" ಮೇಡಂ ಮುಖ ಬಿಳುಚಿತು. ಅದನ್ನು ನೋಡಿ ನನಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಹುಡುಗಿ ಮಾತ್ರ ಹೆದರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದಳು. "ತಳದಾಗ ಚಾ ಪುಡಿ ಕುಂತೈತ್ರಿ."

ಎಲ್ಲರ ಕಣ್ಣು ಬಾಗಿಲಾಚೆಯ ಕುಂಡದ ಕಡೆ ಹೋಯಿತು. ಅಲ್ಲಿಂದ ನನ್ನ ಕಡೆ ಬಂತು.

"ನಾನೇರಿ" ಎಂದೆ. ಬೇರೆ ದಾರಿಯೇ ಇರಲಿಲ್ಲ.

ಸಾಹೇಬರ ಮುಂದೆ ಬಂದು ನಿಂತವಳೂ ಹುಲಿಗೆಮ್ಮನೇ. "ಬರ್ರಿ ಸರ್, ಹಳ್ಳ ಇಲ್ಲೇ ಐತಿ. ನೀವಾ ತುಂಬ್ಕೊಳ್ರಿ." ಸಾಹೇಬರು ಬೂಟು ಕಳಚಿ, ಪ್ಯಾಂಟು ಮಡಚಿ ನೀರಿಗಿಳಿದರು. ಶಾಲೆಯ ಕೆಳಗೆ ಎಷ್ಟು ಕಲ್ಲು ಎತ್ತಿದರೂ ಹುಳ ಸಿಗಲಿಲ್ಲ. ಮೇಲ್ಗಡೆ ಹೋಗಿ ಎತ್ತಿದ ಮೊದಲ ಕಲ್ಲಿಗೇ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಆ ಮನುಷ್ಯ ಚಿಕ್ಕ ಮಗುವಿನ ಹಾಗೆ ನಕ್ಕುಬಿಟ್ಟರು. "ಸುಳ್ಳು ನೀರನ್ನು ಹಿಡಿದ ಮಕ್ಕಳು ಮೇಳಕ್ಕೆ ಹೋಗದೆ ಇನ್ಯಾರು ಹೋಗಬೇಕ್ರಿ ಮೇಡಂ?" ಎಂದರು. ನನ್ನ ಕಡೆ ತಿರುಗಿ, ಮೊದಲು ಒಂದು ಇಂಗುಗುಂಡಿ ತೋಡಿಸಿ ಎಂದರು. ತೋಡಿಸಿದೆ, ನಾನೂ ಗುದ್ದಲಿ ಹಿಡಿದೆ. ಮಕ್ಕಳು ಈಗಲೂ ಶಾಲೆಯ ಕೆಳಗಿನ ಕಲ್ಲು ಎತ್ತಿ ನೋಡುತ್ತಿರುತ್ತಾರೆ, ಹುಳ ಮರಳಿ ಬಂತೇ ಎಂದು. ಇನ್ನೂ ಬಂದಿಲ್ಲ. ಬರುತ್ತದೆಂದು ಮೇಡಂ ಹೇಳಿದ್ದಾರೆ. ಅವರು ಹೇಳಿದ ಮೇಲೆ ಬಂದೇ ಬರುತ್ತದೆ.

ಅದಾದ ಮೇಲೆ ನಾನು ಮೊದಲ ಬಾರಿಗೆ ಯಾವ ತಪಸ್ಸೂ ಇಲ್ಲದೆ ರಕ್ತ ಕೊಟ್ಟು ಬಂದೆ. ಅಂಕಿ ನೋಡಿ ಡಾಕ್ಟರು ಗಾಬರಿಯಾದರು, ನನ್ನ ಹೆಂಡತಿಗೆ ಸಮಾಧಾನವಾಯಿತು: "ಇದು ನೋಡ್ರಿ, ನಿಮ್ಮ ರಿಪೋರ್ಟು!" ಅಂದಿನಿಂದ ಚಹಾಕ್ಕೆ ಸಕ್ಕರೆ ಬಂದ್. ಹಾಗೆಂದು ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಡಂಗುರ ಸಾರಿದ್ದೇನೆ.

ಮೊನ್ನೆ ನೋಡುತ್ತೇನೆ, ಹುಲಿಗೆಮ್ಮ ನನ್ನ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. "ಏನಮ್ಮಾ ಅಲ್ಲಿ?" ಎಂದೆ.

"ಏನಿಲ್ರಿ ಸರ್. ಚಾಕ್ಕ ಸಕ್ಕರಿ ಬಿಟ್ಟೀನಿ ಅಂತೀರಿ. ಮತ್ತ ಕುಂಡದಾಗ ಇರಿವಿ ಸಾಲು ಹಚ್ಯಾವಲ್ರಿ?"

ಕುಂಡವನ್ನು ಅಲ್ಲಿಂದ ಎತ್ತಿಸಿಬಿಡೋಣವೆಂದು ಜವಾನನನ್ನು ಕೂಗಲು ಬಾಯಿ ತೆರೆದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸುಮ್ಮನೆ ಬಾಯಿ ಮುಚ್ಚಿಕೊಂಡೆ.