ಅರ್ಧ ಎಚ್‌ಪಿ ಸಾಕು

ಗುಮಾಸ್ತನ ಕೋಣೆಗೆ ಎಸಿ ಇರಲಿಲ್ಲ. ಆ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಸಿ ಇತ್ತು, ಎಕ್ಸ್‌ರೇ ಯಂತ್ರಕ್ಕೆ ಎಸಿ ಇತ್ತು. ರೋಗಿಗಳು ಕಾಯುವ ಹಾಲ್‌ನ ದೊಡ್ಡ ಗಾಜಿನ ತೊಟ್ಟಿಯಲ್ಲಿ ಹವಳದ ನಡುವೆ ಈಜುವ ಸಮುದ್ರದ ಮೀನುಗಳಿಗೂ ನೀರು ತಣ್ಣಗಿಡಲು ಚಿಲ್ಲರ್ ಇತ್ತು. ಹಳೇ ಫೈಲುಗಳ ನಡುವೆ ಗುಮಾಸ್ತ ಮಾತ್ರ ಐದು ಬೇಸಿಗೆ ಬೆಂದಿದ್ದ.

ಅವತ್ತು ಬೆಳಿಗ್ಗೆ ಚಿಲ್ಲರ್ ಒಮ್ಮೆ ಕೆಮ್ಮಿ ನಿಂತೇಹೋಯಿತು.

"ಮೂವತ್ತು ಡಿಗ್ರಿ ದಾಟಿದ್ರೆ ಹವಳ ಸತ್ತ ಹಾಗೇನೇ," ಎಂದರು ಡಾಕ್ಟರು. "ಸಂಜೆಯೊಳಗೆ ಹೊಸದು ಬರ್ಬೇಕು. ಸರಿಯಾದ ಸೈಜ್ ನೋಡಿ ತರಿಸ್ರಿ. ಚಿಕ್ಕದಾದ್ರೆ ಬಿಡುವಿಲ್ದೆ ಓಡಿ ಸುಟ್ಟುಹೋಗುತ್ತೆ, ದೊಡ್ಡದಾದ್ರೆ ಗಳಿಗೆಗೊಂದ್ಸಲ ನಿಂತು ಶುರುವಾಗಿ ಹಾಳಾಗುತ್ತೆ. ಸರಿಯಾಗಿ ಆರಿಸಿ, ಈ ವಾರವೇ ನಿಮ್ಮ ರೂಮಿಗೆ ಎಸಿ."

"ಆಯ್ತು ಅಂತಲೇ ಇಟ್ಕೊಳ್ಳಿ ಸಾರ್," ಎಂದ ಗುಮಾಸ್ತ. ಡಾಕ್ಟರು ಒಳಗೆ ಹೋಗುವಷ್ಟರಲ್ಲಿ ಅವನ ಬೆನ್ನಿಗೆ ಆ ಎಸಿಯ ಗಾಳಿ ತಾಗಿಯಾಗಿತ್ತು.

ಟೇಪು ಹಿಡಿದು ತೊಟ್ಟಿ ಅಳೆದ. ಸಾವಿರ ಲೀಟರ್.

"ಒಂದು ಎಚ್‌ಪಿದು ತರ್ಸಿಬಿಡಿ ಅಣ್ಣಾ," ಎಂದಳು ನರ್ಸು. "ಸ್ವಲ್ಪ ಜಾಸ್ತಿನೇ ಇರ್ಲಿ."

"ಒಂದೂವರೆ," ಎಂದ ಕಾಂಪೌಂಡರ್. "ನಮ್ಮ ಮಾವನ ಮನೆ ಮೋಟ್ರು ಒಂದೂವರೆ. ಐದು ಮಹಡಿಗೆ ನೀರು ಎತ್ತುತ್ತೆ."

"ಇದು ನೀರು ಎತ್ತೋದಲ್ಲ ಮಾರಾಯಾ, ತಣ್ಣಗೆ ಮಾಡೋದು," ಎಂದ ಗುಮಾಸ್ತ.

"ಎರಡೂ ನೀರೇ ಅಲ್ವಾ?"

ಕೆನ್ನೆಗೆ ಐಸಿನ ಚೀಲ ಒತ್ತಿಕೊಂಡು ಕೂತಿದ್ದ ರೋಗಿಯೊಬ್ಬರಿಗೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಅವರು ಎರಡು ಬೆರಳು ತೋರಿಸಿದರು. ಹರಾಜು ಕೂಗಿದಂತೆ ಚಿಲ್ಲರು ಏರುತ್ತಲೇ ಹೋಯಿತು.

"ಯಾರೂ ಬಾಯಿ ಹಾಕ್ಬೇಡಿ," ಎಂದ ಗುಮಾಸ್ತ. "ಈ ನೀರು ಒಂದು ಗಂಟೆಲಿ ಎಷ್ಟು ಬಿಸಿ ಏರುತ್ತೋ ನೋಡ್ತೀನಿ. ಅಷ್ಟು ಬಿಸಿ ಎಳೆಯೋ ಯಂತ್ರ, ಮೇಲೆ ಸ್ವಲ್ಪ. ಲೆಕ್ಕ ಮುಗೀತು."

ಥರ್ಮಾಮೀಟರ್ ಇಳಿಬಿಟ್ಟು ಗಡಿಯಾರ ನೋಡುತ್ತ ಕೂತ. ಐವತ್ತು ನಿಮಿಷ ಚೆನ್ನಾಗಿಯೇ ಕಳೆಯಿತು. ಅಷ್ಟರಲ್ಲಿ ಕಾಂಪೌಂಡರ್ ಒಂದು ಟ್ರೇ ಐಸು ಹೊತ್ತು ಬಂದ.

"ಸುರೀಬೇಡ್ವೋ! ಉಪ್ಪುನೀರಿಗೆ ಸಿಹಿನೀರು ಸೇರಿದ್ರೆ ಹವಳ ಹಾಳಾಗುತ್ತೆ!" ಎಂದು ಗುಮಾಸ್ತ ಕೂಗಿದ.

"ಹಾಗಿದ್ರೆ ಕಟ್ಟಿರೋ ಚೀಲ ಬಿಡ್ಬಹುದಲ್ಲ?" ಎನ್ನುತ್ತ ನರ್ಸು ರೋಗಿಯ ಕೆನ್ನೆಯಿಂದ ಐಸಿನ ಚೀಲ ಕಿತ್ತು ತೊಟ್ಟಿಗೆ ಬಿಟ್ಟೇಬಿಟ್ಟಳು. ರೋಗಿ ಊಳಿಟ್ಟರು. ಅಲ್ಲಿಗೆ ಗಂಟೆಯ ಲೆಕ್ಕ ನೀರುಪಾಲು. ಚೀಲ ತೆಗೆಯಲು ಗುಮಾಸ್ತ ಮೊಣಕೈವರೆಗೆ ಕೈ ಇಳಿಸಿದ. ಬೆರಳುದ್ದದ ಮೀನೊಂದು ಹೆಬ್ಬೆರಳಿಗೆ ಬಾಯಿ ಹಾಕಿತು. ಆ ಆಸ್ಪತ್ರೆಯಲ್ಲಿ ಅವತ್ತು ನೆಟ್ಟಗೆ ಕೆಲಸ ಮಾಡಿದ ಹಲ್ಲು ಅದರದೊಂದೇ.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಗುಮಾಸ್ತ ಮತ್ತೆ ಮೊದಲಿನಿಂದ ಗಂಟೆ ಕಾದ. ಏರಿದ್ದು ಅರ್ಧ ಡಿಗ್ರಿ. ಕಾಗದದ ಮೇಲೆ ಗುಣಿಸಿದ, ಭಾಗಿಸಿದ, ಎದೆ ಉಬ್ಬಿಸಿ ಅಂಗಡಿಗೆ ಫೋನು ಮಾಡಿದ. "ಅರ್ಧ ಎಚ್‌ಪಿ ಸಾಕು."

"ಲೆಕ್ಕ ಸರಿಯಾಗಿದೆ ಸಾರ್," ಎಂದ ಅಂಗಡಿಯವನು. "ಆದ್ರೆ ನೀರಿಂದ ಎಳೆದ ಬಿಸೀನ ಚಿಲ್ಲರ್ ಹೊರಗೆ ಊದುತ್ತೆ. ಮುಚ್ಚಿದ ಹಾಲ್‌ನಲ್ಲಿ ಇಟ್ರೆ ಅದೇ ಬಿಸಿ ಸುತ್ತಿಕೊಂಡು ಬರುತ್ತೆ, ಆಗ ಒಂದು ಎಚ್‌ಪಿ ಬೇಕು. ಪಕ್ಕದಲ್ಲೇ ಸದಾ ಕಿಟಕಿ ತೆಗೆದಿರೋ ರೂಮು ಇದ್ರೆ ನಿಮ್ಮ ಅರ್ಧ ಸಾಕು. ಇದೆಯಾ?"

ನರ್ಸು ಕಿವಿ ಚಾಚಿಕೊಂಡು ನಿಂತಿದ್ದಳು. "ನಾನು ಹೇಳಿರ್ಲಿಲ್ವಾ, ಒಂದು ಅಂತ?"

ಅವಳ ನಗು ಕಂಡದ್ದೇ ಗುಮಾಸ್ತನಿಗೆ ಮೈ ಉರಿಯಿತು. "ಇದೆ ಕಣ್ರೀ ರೂಮು! ಅರ್ಧದ್ದೇ ಕಳ್ಸಿ!"

ಚಿಲ್ಲರ್ ಬರುವ ಹೊತ್ತಿಗೆ ನೀರು ಇಪ್ಪತ್ತೊಂಬತ್ತೂವರೆ ಮುಟ್ಟಿತ್ತು. "ಬೇಗ ಸಾರ್, ರೂಮೆಲ್ಲಿ?" ಎಂದ ಮೆಕ್ಯಾನಿಕ್. ಡಾಕ್ಟರ ಕೋಣೆಯ ಗಾಜು ತೆಗೆಯಲು ಬರುತ್ತಿರಲಿಲ್ಲ. ಎಕ್ಸ್‌ರೇ ಕೋಣೆಗೆ ಕಿಟಕಿಯೇ ಇಲ್ಲ. ನರ್ಸಿನ ಕೋಣೆ ಹಾಲ್‌ನ ಆ ಕೊನೆಗೆ. ಮೆಕ್ಯಾನಿಕ್ ತೊಟ್ಟಿಯ ಹಿಂದಿನ ಗೋಡೆ ತಟ್ಟಿ ನೋಡಿದ, ಸುತ್ತಿಕೊಂಡು ಹೋಗಿ ಅದರಾಚೆಯ ಬಾಗಿಲು ತೆರೆದ. ಒಳಗೆ ಫೈಲುಗಳು, ಒಂದು ಮೇಜು, ಬಾಗಿಲಷ್ಟಗಲ ತೆರೆದ ಕಿಟಕಿ.

"ಭಲೇ, ಹೇಳಿ ಮಾಡ್ಸಿದ ಹಾಗಿದೆ," ಎಂದು ಗೋಡೆಗೆ ಡ್ರಿಲ್ ಹಿಡಿದ. ಗುಮಾಸ್ತನ ಕುರ್ಚಿ ಸರಿಸಿ ಆ ಜಾಗದಲ್ಲಿ ಚಿಲ್ಲರನ್ನು ಕಿಟಕಿಗೆ ಮುಖಮಾಡಿ ಕೂರಿಸಿದ.

ಸಂಜೆ ನೀರು ಇಪ್ಪತ್ತೆಂಟಕ್ಕೆ ಇಳಿದಿತ್ತು. ಡಾಕ್ಟರು ಗುಮಾಸ್ತನ ಬೆನ್ನು ತಟ್ಟಿದರು. ಬೆನ್ನು ಒದ್ದೆಯಾಗಿತ್ತು.

"ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ದೆ ಆರಿಸಿದ್ದೀರಿ."

"ಸಾರ್, ಆ ಎಸಿ..."

"ಕೊಟ್ಟ ಮಾತು ಕೊಟ್ಟಿದ್ದೇ. ಆದ್ರೆ ಆ ಕಿಟಕಿ ಇನ್ನು ಮುಚ್ಚೋ ಹಾಗಿಲ್ವಲ್ರೀ. ಕಿಟಕಿ ತೆಗೆದಿಟ್ಟು ಎಸಿ ಹಾಕಿದ್ರೆ ಬೀದಿಗೆ ಎಸಿ ಹಾಕಿದ ಹಾಗೆ. ನರ್ಸಮ್ಮನ ರೂಮಿಗೆ ಹಾಕ್ಸೋಣ."

"ತುಂಬಾ ಸೆಕೆ ಆದಾಗ ಬಂದು ಕೂತ್ಕೊಳ್ಳಿ ಅಣ್ಣಾ," ಎಂದಳು ನರ್ಸು.

ಮೀನು ಒಂದೂ ಸಾಯಲಿಲ್ಲ. ಹವಳ ಒಂದೂ ಹಾಳಾಗಲಿಲ್ಲ. ಗುಮಾಸ್ತನಿಗೆ ಹೋದದ್ದು ಎಸಿ ಒಂದು, ಕುರ್ಚಿ ಇಡುವ ಜಾಗ ನಾಲ್ಕಡಿ, ಕಿಟಕಿಯಿಂದ ಬರುತ್ತಿದ್ದ ಗಾಳಿ ಪೂರ್ತಿ.